ಅಂಚು ನೋಡಿ ಸ್ಪೀಕರ್ ಕೊಳ್ಳಿ

(ಮಳೆಗಾಲಕ್ಕೆ ಮುನ್ನ ಶಿರಸಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)

ಎಲ್ಲರಿಗೂ ನಮಸ್ಕಾರ. ನನಗೆ ಕೊಟ್ಟ ವಿಷಯ ಹಳೆಯ ದೊಡ್ಡ ಸ್ಪೀಕರುಗಳ ಸೊಬಗು. ಸೊಬಗಿನ ಮಾತು ಆಮೇಲಾಗಲಿ. ಮೃಗಶಿರ ಮಳೆಗೆ ಇನ್ನು ಮೂರೇ ವಾರ. ಅಷ್ಟರೊಳಗೆ ನೀವು ಮನೆಯ ಸ್ಪೀಕರಿನ ಮುಂದಿನ ಜಾಲರಿ ತೆಗೆದು ಒಂದು ಜಾಗ ನೋಡಬೇಕು. ಹೊತ್ತು ಸಾಲದೆ ಹೋದರೂ ಅದೊಂದನ್ನು ಹೇಳಿಯೇ ಇಳಿಯುತ್ತೇನೆ.

ಅದುರಿ ಸದ್ದು ಹೊರಡಿಸುವ ಕೋನಿನ ಸುತ್ತ, ಅದನ್ನು ಲೋಹದ ಚೌಕಟ್ಟಿಗೆ ಹಿಡಿದಿಡುವ ಮೆತ್ತನೆಯ ಬಳೆ ಇರುತ್ತದಲ್ಲ, ಸರೌಂಡ್ ಅನ್ನುತ್ತಾರೆ. ನಾನು ಅಂಚು ಅನ್ನುತ್ತೇನೆ. ನೂಲಿನಂತೆ ಸೀರೆ, ನಮ್ಮ ಜಿಲ್ಲೆಯಲ್ಲಿ ಅಂಚಿನಂತೆ ಸ್ಪೀಕರು. ಹಳೆಯದರಲ್ಲಿ ಹೆಚ್ಚಾಗಿ ಸಿಗುವುದು ಮೂರು ಬಗೆ: ಮೇಣದಂಥ ಲೇಪ ಹಚ್ಚಿದ ಬಟ್ಟೆ, ರಬ್ಬರು, ಫೋಮು. ಬಟ್ಟೆ, ರಬ್ಬರು ಐವತ್ತು ವರ್ಷ ದಾಟಿಯೂ ಬದುಕುತ್ತವೆ. ಫೋಮು ಬದುಕುವುದಿಲ್ಲ. ಅದು ಪಾಲಿಯುರೆಥೇನ್ ಅನ್ನುವ ಪ್ಲಾಸ್ಟಿಕ್. ಗಾಳಿಯಲ್ಲಿನ ತೇವವೇ ಒಳಗಿನ ಕೊಂಡಿಗಳನ್ನು ಒಂದೊಂದಾಗಿ ಬಿಡಿಸುತ್ತದೆ. ಒಣ ಊರಿನಲ್ಲೇ ಹದಿನೈದಿಪ್ಪತ್ತು ವರ್ಷ. ಕಾರವಾರ, ಕುಮಟಾದ ಗಾಳಿಯಲ್ಲಿ ಅಷ್ಟೂ ನೆಚ್ಚಬೇಡಿ. ಬೆರಳು ಇಟ್ಟರೆ ಕರಗಿದ ಬೆಲ್ಲದ ಹಾಗೆ ಅಂಟುತ್ತದೆ, ಇಲ್ಲವೇ ಪುಡಿಪುಡಿ. ಮಾರುವವರು "ಒಂದು ದಿನಾನೂ ಹಾಡಿಸಿಲ್ಲ, ಹಾಗೇ ಕಟ್ಟಿಟ್ಟಿದ್ದು" ಅಂತ ಹೇಳಿ ಬೆಲೆ ಏರಿಸುತ್ತಾರೆ. ಹಾಡಿಸಿದ್ದರಿಂದ ಹಾಳಾಗುವ ವಸ್ತು ಅದಲ್ಲ. ಕಟ್ಟಿಟ್ಟಲ್ಲೇ ಹಾಳಾಗುತ್ತದೆ.

ಈ ಅಂಚಿನ ಹಿಂದೆ ಒಂದು ಒಳ್ಳೆಯ ಕತೆ ಇದೆ. 1950ರ ದಶಕದ ಮೊದಲ ಭಾಗದವರೆಗೂ ತಗ್ಗಿನ ಸ್ವರ ಸರಿಯಾಗಿ ಬೇಕಾದರೆ ಕಪಾಟಿನಷ್ಟು ದೊಡ್ಡ ಪೆಟ್ಟಿಗೆ ಬೇಕಿತ್ತು. ಕೋನನ್ನು ಹಿಂದಕ್ಕೆಳೆಯುವ ಕೆಲಸ ಬಿರುಸಾದ ಅಂಚಿನದ್ದು. ಬಿರುಸು ಅಂಚು ಕೋನು ದೂರ ಸರಿದಾಗ ಸಮನಾಗಿ ಎಳೆಯುವುದಿಲ್ಲ, ಸ್ವರ ಕೆಡುತ್ತದೆ. ಅಮೆರಿಕದ ಎಡ್ಗರ್ ವಿಲ್ಚರ್ ಅವರಿಗೆ ಹೊಳೆದದ್ದು ಇಷ್ಟೇ: ಅಂಚನ್ನು ತೀರಾ ಸಡಿಲ ಮಾಡೋಣ, ಪೆಟ್ಟಿಗೆಯನ್ನು ಗಾಳಿಯಾಡದಂತೆ ಮುಚ್ಚೋಣ, ಒಳಗೆ ಸಿಕ್ಕಿಬಿದ್ದ ಗಾಳಿಯೇ ಸ್ಪ್ರಿಂಗ್ ಆಗಲಿ. ಸೈಕಲ್ ಪಂಪಿನ ಬಾಯಿಗೆ ಹೆಬ್ಬೆಟ್ಟು ಒತ್ತಿ ಹಿಡಿಕೆ ತಳ್ಳಿ ನೋಡಿ, ಅದೇ. ಸರಿ, ಅಷ್ಟು ಸಡಿಲವಾದ ಅಂಚು ಎಲ್ಲಿ ಸಿಗಬೇಕು? ಅವರ ಹೆಂಡತಿ ರೋಸ್ಮರಿ ಯುದ್ಧಕಾಲದಲ್ಲಿ ನಕ್ಷೆ ಬರೆಯುವ ಕೆಲಸ ಮಾಡಿದವರು. ಬಳೆಯಾಕಾರಕ್ಕೆ ನಕ್ಷೆ ಹಾಕಿ, ಹಾಸಿಗೆ ಬಟ್ಟೆ ಕತ್ತರಿಸಿ, ಮನೆಯ ಹೊಲಿಗೆ ಯಂತ್ರದಲ್ಲಿ ಹೊಲಿದುಕೊಟ್ಟರು. ಹಾಸಿಗೆ ಬಟ್ಟೆ ಅಂದರೆ ಗೊತ್ತಲ್ಲ, ನಾವು ಬೂರುಗದ ಹತ್ತಿ ತುಂಬಿಸುವಂಥ ದಪ್ಪ ಬಟ್ಟೆ. ಈ ಯೋಚನೆಯನ್ನು ಕೊಳ್ಳಿ ಅಂತ ದೊಡ್ಡ ಕಂಪನಿಗಳ ಬಾಗಿಲಿಗೆ ಹೋದರೆ ಯಾರೂ ತೆಗೆದುಕೊಳ್ಳಲಿಲ್ಲ. ಕೊನೆಗೆ ತಮ್ಮ ವಿದ್ಯಾರ್ಥಿ ಹೆನ್ರಿ ಕ್ಲಾಸ್ ಜೊತೆ ಸೇರಿ 1954ರಲ್ಲಿ ಅಕೌಸ್ಟಿಕ್ ರಿಸರ್ಚ್ ಶುರು ಮಾಡಿದರು. ಪುಸ್ತಕದ ಕಪಾಟಿನಲ್ಲಿ ಕೂರುವ ಪೆಟ್ಟಿಗೆಯಿಂದ ಆಳದ ಸ್ವರ ಬಂದದ್ದು ಹೀಗೆ.

ಅದೇ ಕಂಪನಿಯ ಎಆರ್-3ಎ ಬಂದದ್ದು 1967ರಲ್ಲಿ. ಮೊದಮೊದಲಿನವಕ್ಕೆ ಬಟ್ಟೆಯ ಅಂಚು, ಕೆಲವೇ ವರ್ಷಕ್ಕೆ ಫೋಮು. ಹೆಸರು ಒಂದೇ, ಪೆಟ್ಟಿಗೆ ಒಂದೇ! ಅದಕ್ಕೇ ಹೇಳುವುದು, ಹೆಸರು ನೋಡಬೇಡಿ, ಅಂಚು ನೋಡಿ. ಜೆಬಿಎಲ್ ಕಂಪನಿಯ ಎಲ್-100ಕ್ಕೆ ಬಟ್ಟೆಯ ಅಂಚು, ವೂಫರ್, ಅಂದರೆ ತಗ್ಗಿನ ಸ್ವರದ ದೊಡ್ಡ ಕೋನು, ಗಟ್ಟಿ. ಆದರೆ ಮುಂದಿನ ಚೌಕಳಿ ಜಾಲರಿ ಫೋಮಿನದು, ಅದು ಪುಡಿಯಾಗುತ್ತದೆ. ಪುಡಿಯಾದರೆ ಆಗಲಿ ಬಿಡಿ, ಸ್ವರಕ್ಕೇನೂ ನಷ್ಟವಿಲ್ಲ. ಟ್ಯಾನಾಯ್ ಕಂಪನಿಯ ಮಾನಿಟರ್ ಗೋಲ್ಡ್ ಆದರೆ ತೆಗೆದುಕೊಳ್ಳಿ. ಅದೇ ಕಂಪನಿಯಿಂದ 1974ರಲ್ಲಿ ಬಂದ ಎಚ್‌ಪಿಡಿ ಆದರೆ ಫೋಮಿನ ಅಂಚು ಬದಲಿಸುವ ಖರ್ಚು ಕಳೆದು ಬೆಲೆ ಮಾತಾಡಿ. ಬಿಬಿಸಿಯವರು ಹೊರಾಂಗಣ ಪ್ರಸಾರದ ವ್ಯಾನಿಗಾಗಿ ಮಾಡಿಸಿದ ಪುಟ್ಟ ಎಲ್‌ಎಸ್3/5ಎ ಇದೆಯಲ್ಲ, ಅದರ ಕೋನು ಪ್ಲಾಸ್ಟಿಕ್ಕಿನದು, ಅಂಚು ರಬ್ಬರಿನದು. ಕಡಲತೀರದ ಮನೆಗೆ ಅದಕ್ಕಿಂತ ಒಳ್ಳೆಯದು ಇಲ್ಲ. ಮದ್ದಲೆಯ ಆಳ ಮಾತ್ರ ಕೇಳಬೇಡಿ, ಐದು ಲೀಟರಿನ ಡಬ್ಬಿ ಅದು. ಬಾಯಿಹಾಡಿಗೆ ಅದೇ ಸೈ.

ಕೊಳ್ಳಲು ಹೋದಾಗ ಮಲ್ಟಿಮೀಟರ್ ಜೇಬಿನಲ್ಲಿರಲಿ. ಓಮ್ ಅಂದರೆ ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ. 8 ಓಮ್ ಸ್ಪೀಕರ್ ಮೀಟರಿನಲ್ಲಿ ಸುಮಾರು 6, 4 ಓಮಿನದು 3ರ ಮೇಲೆ ತೋರಿಸಬೇಕು. ಅಳತೆ ವೂಫರಿನ ತಂತಿಯಲ್ಲೇ ಮಾಡಿ, ನಡುವೆ ಸ್ವರಗಳನ್ನು ಹಂಚುವ ಕ್ರಾಸ್‌ಓವರ್ ಇದ್ದರೆ ಲೆಕ್ಕ ತಪ್ಪುತ್ತದೆ. ಆಮೇಲೆ ಎರಡೂ ಕೈಯ ಬೆರಳನ್ನು ಕೋನಿನ ಎದುರುಬದುರಿಗಿಟ್ಟು ಸಮನಾಗಿ, ನಿಧಾನ ಒತ್ತಿ. ಸರ್ ಸರ್ ಅಂತ ಕೆರೆದರೆ ಕೋನಿನ ಹಿಂದಿನ ತಂತಿಸುರುಳಿ, ಅಂದರೆ ವಾಯ್ಸ್ ಕಾಯಿಲ್, ಓರೆಯಾಗಿದೆ. ಎಆರ್ ತರಹದ ಮುಚ್ಚಿದ ಪೆಟ್ಟಿಗೆಯಾದರೆ ಒತ್ತಿ ಬಿಟ್ಟಾಗ ಕೋನು ಸಾವಕಾಶ ಹಿಂದೆ ಬರಬೇಕು. ಟಕ್ಕನೆ ಬಂದರೆ ಎಲ್ಲೋ ಗಾಳಿ ಸೋರುತ್ತಿದೆ. ಬಟ್ಟೆಯ ಲೇಪ ಒಣಗಿದೆ, ಇಲ್ಲವೇ ವೂಫರಿನ ಹಿಂದೆ ಗಾಳಿ ತಡೆಯುವ ಪಟ್ಟಿ ಕಿತ್ತಿದೆ. 1.5 ವೋಲ್ಟಿನ ಸೆಲ್ಲನ್ನು ಪ್ಲಸ್ಸಿಗೆ ಪ್ಲಸ್ ಬರುವಂತೆ ಒಂದು ಕ್ಷಣ ಮುಟ್ಟಿಸಿದರೆ ಕೋನು ಮುಂದೆ ಬರಬೇಕು, ವೂಫರಿಗೆ ಮಾತ್ರ, ಮೇಲಿನ ಸ್ವರದ ಪುಟ್ಟ ಟ್ವೀಟರಿಗೆ ಬೇಡ. ಹಳೆಯ ಜೆಬಿಎಲ್‌ನಲ್ಲಿ ಅದು ಹಿಂದೆ ಹೋದರೆ ಹೆದರಬೇಡಿ, ಅವರು ಗುರುತನ್ನೇ ಉಲ್ಟಾ ಇಟ್ಟಿದ್ದರು.

ಎಆರ್-3ಎಯ ಹಿಂಭಾಗದಲ್ಲಿ ಎರಡು ನಾಬ್ ಇವೆ, ಮಧ್ಯದ ಸ್ವರಕ್ಕೊಂದು, ಮೇಲಿನದಕ್ಕೊಂದು. ಒಳಗಿನ ಸಂಪರ್ಕಕ್ಕೆ ಕಿಲುಬು ಹಿಡಿದು ಮಧ್ಯದ ಸ್ವರವೋ ಮೇಲಿನದೋ ಪೂರಾ ಸತ್ತಂತಾಗುತ್ತದೆ. ದೇವರ ಪಾತ್ರೆಗೆ ಹಿಡಿಯುತ್ತದಲ್ಲ, ಅದೇ ಹಸಿರು ಕಿಲುಬು. ಟ್ವೀಟರ್ ಹೋಯಿತು ಅಂತ ಎಸೆಯುವ ಮೊದಲು ಹಾಡು ಹಾಕಿ ನಾಬನ್ನು ಆ ತುದಿಯಿಂದ ಈ ತುದಿಗೆ ಇಪ್ಪತ್ತು ಸಲ ತಿರುಗಿಸಿ. ಕರಕರ ಸದ್ದು ಬಂದರೆ ಟ್ವೀಟರಿಗೆ ಜೀವ ಇದೆ. ಆಮೇಲೆ ಬಿಚ್ಚಿ, ಯಾವ ತಂತಿ ಎಲ್ಲಿ ಅಂತ ಫೋಟೋ ತೆಗೆದುಕೊಂಡು, ನುಣ್ಣನೆಯ ಮರಳು ಕಾಗದದಿಂದ ಉಜ್ಜಿ ಕಾಂಟ್ಯಾಕ್ಟ್ ಕ್ಲೀನರ್ ಹಾಕಿ.

ಫೋಮು ಹೋಗಿದೆ, ಸ್ಪೀಕರು ಬಿಡಲು ಮನಸ್ಸಿಲ್ಲ ಅನ್ನುವವರಿಗೆ. ಹೊಸ ಅಂಚು ತರಿಸುವಾಗ ವೂಫರಿನ ಇಂಚು ಹೇಳಿದರೆ ಸಾಲದು. ಕೋನಿನ ಹೊರವ್ಯಾಸ, ಚೌಕಟ್ಟಿನ ಒಳವ್ಯಾಸ, ಹೊರವ್ಯಾಸ, ಉಬ್ಬಿನ ಅಗಲ, ನಾಲ್ಕೂ ಅಳೆಯಿರಿ. ಹಳೆಯ ಅಂಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಬಟ್ಟೆಯಿಂದ ತೆಗೆಯಿರಿ. ಕಾಗದದ ಕೋನು ನೆನೆಯಬಾರದು. ಮೊದಲು ಕೋನಿಗೆ ಮಾತ್ರ ಅಂಟಿಸಿ ಒಂದು ದಿನ ಬಿಡಿ. ಚೌಕಟ್ಟಿಗೆ ಅಂಟಿಸುವ ಹೊತ್ತಿಗೆ ಫೋನಿನಿಂದ 30 ಹರ್ಟ್ಜಿನ ತೀರಾ ತಗ್ಗಿನ ಸ್ವರವನ್ನು ಸದ್ದು ಹೆಚ್ಚಿಸುವ ಆಂಪ್‌ ಮೂಲಕ ತೀರಾ ಮೆಲ್ಲಗೆ ಕೊಡಿ. ಕೆರೆತ ಕೇಳಿಸಿದ ಕಡೆಯಿಂದ ಕೋನನ್ನು ಕೂದಲೆಳೆಯಷ್ಟು ಸರಿಸುತ್ತಾ ಹೋದರೆ ಒಂದು ಜಾಗದಲ್ಲಿ ಸದ್ದು ತಿಳಿಯಾಗುತ್ತದೆ, ಅಲ್ಲೇ ಒತ್ತಿ. ಕ್ಷಣದಲ್ಲಿ ಹಿಡಿಯುವ ಅಂಟು ಇದಕ್ಕೆ ಬೇಡವೇ ಬೇಡ, ಸರಿಸಲು ಪುರುಸೊತ್ತೇ ಕೊಡುವುದಿಲ್ಲ, ಒಣಗಿದ ಮೇಲೆ ಸೀಳುತ್ತದೆ. ಆರಿದ್ರಾ ಮಳೆಯಲ್ಲಿ ಈ ಕೆಲಸಕ್ಕೆ ಕೂರಬೇಡಿ. ಹಪ್ಪಳವೇ ಒಣಗದ ಕಾಲದಲ್ಲಿ ಅಂಟು ಒಣಗುತ್ತದೆಯೇ?

ಅಧ್ಯಕ್ಷರ ಚೀಟಿ ಬಂತು. ಹತ್ತು ನಿಮಿಷ ಅಂತ ಇದೆ, ಐದು ಅಂತ ಓದಿಕೊಳ್ಳುತ್ತೇನೆ.

ಕೆಪಾಸಿಟರ್, ಅಂದರೆ ಸ್ವರ ಹಂಚುವ ಕ್ರಾಸ್‌ಓವರಿನ ಒಂದು ಬಿಡಿಭಾಗ. ಎಆರ್-3ಎಯಲ್ಲಿ 150, 50, 6 ಮೈಕ್ರೋಫ್ಯಾರಡಿನವು. ಒಂದು ಕಾಲು ಬಿಚ್ಚಿ ಅಳೆಯಿರಿ. ಲೆಕ್ಕ ತಪ್ಪಿದ್ದರೆ ಬದಲಿಸಿ: 6ಕ್ಕೆ ಪಾಲಿಪ್ರೊಪಿಲೀನ್ ಬಗೆಯದು ಹಾಕಿ, 150ಕ್ಕೆ ಪ್ಲಸ್ ಮೈನಸ್ ಭೇದವಿಲ್ಲದ ನಾನ್ ಪೋಲಾರ್ ಎಲೆಕ್ಟ್ರೋಲಿಟಿಕ್ ಸಾಕು. ಹೊಸದು ಹಾಕಿದ ಮೇಲೆ ಚಂಡೆ ಕಿವಿ ಚುಚ್ಚಿದರೆ ಸರಣಿಯಲ್ಲಿ ಅರ್ಧ ಓಮಿನ ರೆಸಿಸ್ಟರ್ ಸೇರಿಸಿ. ಅಂಗಡಿಯಲ್ಲಿ ನಾನ್ ಪೋಲಾರ್ ಇಲ್ಲವೇ? 10 ಮೈಕ್ರೋಫ್ಯಾರಡಿನ ಎರಡು ಸಾದಾ ಎಲೆಕ್ಟ್ರೋಲಿಟಿಕ್ ತಂದು ಮೈನಸ್ಸಿಗೆ ಮೈನಸ್ ಬೆಸೆಯಿರಿ, 5 ಆಯಿತು. ತಾತ್ಕಾಲಿಕಕ್ಕೆ ನಡೆಯುತ್ತದೆ.

ಆಂಪ್ ಸಣ್ಣದಾದರೆ ಸ್ಪೀಕರ್ ಸುರಕ್ಷಿತ ಅನ್ನುವುದು ತಪ್ಪು ತಿಳಿವಳಿಕೆ. ಸಣ್ಣ ಆಂಪನ್ನು ಪೂರಾ ತಿರುಗಿಸಿದರೆ ಅಲೆಯ ತಲೆ ಕತ್ತರಿಸಿ ಹೋಗುತ್ತದೆ, ಆ ಕತ್ತರಿಸಿದ ಚೂರು ಟ್ವೀಟರನ್ನು ಸುಡುತ್ತದೆ. 3 ಡೆಸಿಬೆಲ್ ಏರಿಸಲು ಎರಡರಷ್ಟು ವಾಟ್ ಬೇಕು. ಎಆರ್-3ಎ 4 ಓಮಿನದು, ಗಟ್ಟಿ ಆಂಪನ್ನೇ ಕೇಳುತ್ತದೆ.

ಇಡುವ ಜಾಗ: ಚಿರೆಕಲ್ಲಿನ ಗೋಡೆಯಿಂದ ಒಂದು ಮೊಳವಾದರೂ ದೂರ, ನೆಲದಿಂದ ಮೇಲೆ. ತಂಡಿ ಹೀರಿದ ಚಿಪ್‌ಬೋರ್ಡ್ ಉಬ್ಬಿದರೆ ಮತ್ತೆ ಇಳಿಯುವುದಿಲ್ಲ. ಮಳೆಗಾಲದಲ್ಲಿ ಪ್ಲಾಸ್ಟಿಕ್ ಹೊದಿಸಬೇಡಿ, ಒಳಗೇ ಬೆವೆತು ಕೋನಿಗೆ ಬೂಷ್ಟು ಬರುತ್ತದೆ. ಹಳೆಯ ಪಂಚೆ ಸಾಕು. ಬೂಷ್ಟು ಬಂದರೆ ಒಣ ಬ್ರಷ್, ಒದ್ದೆ ಬಟ್ಟೆಯಲ್ಲ. ಗುಡುಗಿದರೆ ಪ್ಲಗ್ ಕೀಳಿ.

ಕ್ವಾಡ್ ಕಂಪನಿಯ ಸ್ಪೀಕರ್ ಬಗ್ಗೆ ಕೇಳಿದವರೊಬ್ಬರು ಮುಂದೆಯೇ ಕೂತಿದ್ದಾರೆ. ಕೋನಿನ ಬದಲು ವಿದ್ಯುತ್ ತುಂಬಿದ ತೆಳು ಹಾಳೆ ಅದುರುವ 1957ರ ಆ ಎಲೆಕ್ಟ್ರೋಸ್ಟಾಟಿಕ್‌ಗೆ ಅಂಚೇ ಇಲ್ಲ, ಹಾಗಾಗಿ ನನ್ನ ವಾದ ಅಲ್ಲಿ ನಿಲ್ಲುವುದಿಲ್ಲ. ಆದರೆ ಒಳಗೆ ಸುಮಾರು 6,000 ವೋಲ್ಟ್. ತೇವವೂ ಧೂಳೂ ಸೇರಿದರೆ ವಿದ್ಯುತ್ ಸೋರಿ ಚಟಪಟ ಅನ್ನುತ್ತದೆ. ಕಾರವಾರದ ಕಡಲ ಬದಿಗೆ ಬೇಡ. ಶಿರಸಿಯಲ್ಲಿ ಬಾಗಿಲು ಮುಚ್ಚುವ ಒಣ ಕೋಣೆಯಿದ್ದರೆ ನೋಡಿ. ಪ್ಲಗ್ ತೆಗೆದ ಮೇಲೂ ಒಳಗೆ ಕೈ ಹಾಕಬೇಡಿ, ವೋಲ್ಟ್ ಉಳಿದಿರುತ್ತದೆ.

ಯಮಾಹಾ ಎನ್‌ಎಸ್-1000ಎಂ ಬಿಟ್ಟೇ ಹೋಯಿತು. ಒಂದೇ ಮಾತು: ಅದರ ಮಧ್ಯದ ಮತ್ತು ಮೇಲಿನ ಸ್ವರದ ಗುಮ್ಮಟಗಳು ಬೆರಿಲಿಯಂ ಲೋಹದವು. ಒಡೆದಿದ್ದರೆ ಕೆರೆಯಬೇಡಿ, ಊದಬೇಡಿ, ಅದರ ಪುಡಿ ಶ್ವಾಸಕೋಶಕ್ಕೆ ವಿಷ.

ಹೊರಗೆ ಮೇಜಿನ ಮೇಲೆ ಮೂರು ವೂಫರ್ ಇಟ್ಟಿದ್ದೇವೆ, ಬಟ್ಟೆಯದು, ರಬ್ಬರಿನದು, ಫೋಮಿನದು. ಮುಟ್ಟಿ ನೋಡಿ. ಫೋಮಿನದನ್ನು ಕಡೆಗೆ ಮುಟ್ಟಿ, ಪಕ್ಕದಲ್ಲಿ ಕೈ ಒರೆಸಲು ಬಟ್ಟೆ ಇದೆ. ಕಷಾಯದ ಲೋಟ ಮಾತ್ರ ಆ ಮೇಜಿನ ಮೇಲೆ ಬೇಡ.