ಸ್ಟೇಕ್, ಬೆಣ್ಣೆ ಹಾಕಿದ ಆಲೂಗಡ್ಡೆ, ಅಕ್ಕನ ಜೊತೆ ರಾತ್ರಿ ಊಟ

ಈಗ ನೀವು ನೋಡುತ್ತಿರುವ ಶಾಟ್ ನಿನ್ನೆ ರಾತ್ರಿಯದು. ಎರಡು ರಿಬ್‌ಐ ಸ್ಟೇಕ್, ಅಂದರೆ ದನದ ಪಕ್ಕೆಲುಬಿನ ಭಾಗದ ಮಾಂಸದ ತುಂಡು, ಒಂದು ಇಂಚಿಗಿಂತ ಸ್ವಲ್ಪ ಜಾಸ್ತಿ ದಪ್ಪ. ಎಲ್ಲಾ ಕಡೆ ಉಪ್ಪು ಉದುರಿಸಿ, ತಂತಿ ಸ್ಟ್ಯಾಂಡ್ ಮೇಲಿಟ್ಟು, ಏನೂ ಮುಚ್ಚದೆ ಫ್ರಿಜ್‌ನ ಕೆಳಗಿನ ಶೆಲ್ಫ್‌ನಲ್ಲಿ ಇಡುತ್ತಿದ್ದೇನೆ. ಕೆಳಗೇ ಯಾಕೆ ಅಂದರೆ, ಹಸಿ ಮಾಂಸದ ನೀರು ಬೇರೆ ಯಾವುದರ ಮೇಲೂ ತೊಟ್ಟಿಕ್ಕಬಾರದು. ಉಪ್ಪು ಎಷ್ಟು ಅಂತ ಕೇಳಿದರೆ, 300 ಗ್ರಾಂ ತುಂಡಿಗೆ ಸುಮಾರು 3 ಗ್ರಾಂ, ಅಂದರೆ ಪುಡಿ ಉಪ್ಪಾದರೆ ಅರ್ಧ ಟೀ ಚಮಚ.

ಹತ್ತಿರದಿಂದ ತೋರಿಸುತ್ತೇನೆ, ನೋಡಿ. ಉಪ್ಪು ಬಿದ್ದು ಕೆಲವು ನಿಮಿಷಕ್ಕೇ ಮಾಂಸದ ಮೇಲೆ ಸಣ್ಣ ಸಣ್ಣ ನೀರಿನ ಮಣಿಗಳು ಎದ್ದಿವೆ. ಉಪ್ಪು ಒಳಗಿನ ತೇವವನ್ನು ಹೊರಗೆ ಎಳೆಯುತ್ತದೆ. ಆ ನೀರಲ್ಲಿ ಉಪ್ಪು ಕರಗುತ್ತದೆ, ಆಮೇಲೆ ಉಪ್ಪುನೀರು ನಿಧಾನವಾಗಿ ವಾಪಸ್ ಒಳಗೆ ಹೋಗುತ್ತದೆ. ಇದಕ್ಕೆ ಕನಿಷ್ಠ 40 ನಿಮಿಷವಾದರೂ ಬೇಕು. ಇಡೀ ರಾತ್ರಿ ಸಿಕ್ಕರೆ ಇನ್ನೂ ಒಳ್ಳೆಯದು, ಫ್ರಿಜ್‌ನ ಒಣ ಗಾಳಿಗೆ ಮೇಲ್ಮೈ ಕೂಡ ಒಣಗುತ್ತದೆ. ಅಷ್ಟು ಸಮಯ ಇಲ್ವಾ? ಹಾಗಾದರೆ ಬಾಣಲೆಗೆ ಹಾಕುವ ಕ್ಷಣದಲ್ಲೇ ಉಪ್ಪು ಹಾಕಿ. 10 ನಿಮಿಷ ಮೊದಲು ಹಾಕುವುದು ಮಾತ್ರ ಬೇಡ, ಆಗ ನೀರೆಲ್ಲಾ ಮೇಲೆಯೇ ನಿಂತಿರುತ್ತದೆ.

ಇವತ್ತು ಅಕ್ಕ ಊಟಕ್ಕೆ ಬರುತ್ತಿದ್ದಾಳೆ. ವಾರವೆಲ್ಲಾ ಅವಳಿಗೆ ಕೆಲಸ ಜಾಸ್ತಿ ಇತ್ತು, ಫೋನಲ್ಲಿ ಧ್ವನಿ ಕೇಳಿದರೇ ಗೊತ್ತಾಗುತ್ತಿತ್ತು. ಏನು ಮಾಡಲಿ ಅಂತ ಕೇಳಿದೆ. "ಆ ಆಲೂಗಡ್ಡೆ ಮಾಡ್ತೀಯಲ್ಲ, ಅದು" ಅಂದಳು. ಸ್ಟೇಕ್ ಹೆಸರೇ ಎತ್ತಲಿಲ್ಲ. ನನಗೆ ಆಶ್ಚರ್ಯವೇನೂ ಆಗಲಿಲ್ಲ, ಯಾಕಂದರೆ ನನ್ನ ಮಟ್ಟಿಗೂ ಈ ಊಟದಲ್ಲಿ ಮನಸ್ಸಿಗೆ ಹಿತ ಕೊಡುವುದು ಮ್ಯಾಶ್, ಅಂದರೆ ಬೇಯಿಸಿ ಹಿಸುಕಿ ಬೆಣ್ಣೆ ಸೇರಿಸಿದ ಆಲೂಗಡ್ಡೆ. ವಿಡಿಯೋಗಳಲ್ಲಿ ಎಲ್ಲರೂ ಮಾಂಸದ ಹೊಗೆ, ಚುಂಯ್ ಸದ್ದು ತೋರಿಸುತ್ತಾರೆ, ಮ್ಯಾಶ್‌ಗೆ ಹತ್ತು ಸೆಕೆಂಡ್ ಕೂಡ ಸಿಗಲ್ಲ. ಈ ವಿಡಿಯೋದಲ್ಲಿ ಅದಕ್ಕೂ ಪೂರ್ತಿ ಸಮಯ ಕೊಡುತ್ತೇನೆ.

ಸರಿ, ಸಂಜೆಯಾಯಿತು. ಮೊದಲ ಕೆಲಸ ಆಲೂಗಡ್ಡೆ.

ಇಬ್ಬರಿಗೆ 600 ಗ್ರಾಂ ತೆಗೆದುಕೊಂಡಿದ್ದೇನೆ. ಬೇಯಿಸಿದರೆ ಹಿಟ್ಟು ಹಿಟ್ಟಾಗಿ ಉದುರುವ ಜಾತಿ ಬೇಕು, ರಸೆಟ್ ತರಹದ್ದು. ಯುಕಾನ್ ಗೋಲ್ಡ್ ಕೂಡ ಚೆನ್ನಾಗಿರುತ್ತದೆ, ಅದರ ಹಳದಿ ಬಣ್ಣ ನೋಡಿದರೇ ಬೆಣ್ಣೆ ಹಾಕಿದ ಹಾಗಿರುತ್ತದೆ. ಬೆಂದ ಮೇಲೂ ಗಟ್ಟಿಯಾಗಿ ಆಕಾರ ಹಿಡಿದುಕೊಂಡಿರುವ ಜಾತಿ ಸಲಾಡ್‌ಗೆ ಸರಿ, ಇದಕ್ಕಲ್ಲ. ಸಿಪ್ಪೆ ತೆಗೆದು ಒಂದೇ ಅಳತೆಯ ದಪ್ಪ ಹೋಳು ಮಾಡಿ, ತಣ್ಣೀರಲ್ಲಿ ಹಾಕಿ, ಉಪ್ಪು ಹಾಕಿ, ಆಮೇಲೆ ಒಲೆ ಹಚ್ಚಿ. ಕುದಿಯುವ ನೀರಿಗೆ ಹಾಕಿದರೆ ಹೊರಗಿನ ಭಾಗ ಬೆಂದು ಕರಗಿ ಹೋಗುವಾಗ ನಡುಭಾಗ ಇನ್ನೂ ಗಟ್ಟಿ ಇರುತ್ತದೆ. ಆ ಗಟ್ಟಿ ನಡುಭಾಗವೇ ಆಮೇಲೆ ಮ್ಯಾಶ್‌ನಲ್ಲಿ ಗಂಟಾಗುವುದು. ನೀರು ಕುದಿಯಲು ಶುರುವಾದ ಮೇಲೆ ಉರಿ ಇಳಿಸಿ 15 ರಿಂದ 20 ನಿಮಿಷ. ಚಾಕು ಚುಚ್ಚಿ ಎತ್ತಿದರೆ ಹೋಳು ತಾನಾಗೇ ಜಾರಿ ಬೀಳಬೇಕು.

ಆಲೂಗಡ್ಡೆ ಬೇಯುತ್ತಿರುವಾಗ ಸ್ಟೇಕ್ ಹೊರಗೆ ತೆಗೆದು ಕಿಚನ್ ಟಿಶ್ಯೂವಿನಿಂದ ಒತ್ತಿ ಒತ್ತಿ ಒರೆಸುತ್ತಿದ್ದೇನೆ. ಅಂಚು ಕೂಡ ಬಿಡಬೇಡಿ. ಮೇಲ್ಮೈಯಲ್ಲಿ ನೀರಿದ್ದರೆ ಅದು ಆವಿಯಾಗಿ ಮುಗಿಯುವವರೆಗೆ ಅಲ್ಲಿನ ಬಿಸಿ 100 ಡಿಗ್ರಿ ದಾಟಲ್ಲ. ಆ ಕಂದು ಬಣ್ಣ, ಆ ಘಮ ಚೆನ್ನಾಗಿ ಬರುವುದು ಸುಮಾರು 140 ಡಿಗ್ರಿ ದಾಟಿದ ಮೇಲೆ. ಮಾಂಸದ ಪ್ರೋಟೀನ್ ಅಂಶಗಳೂ ಸಕ್ಕರೆಯೂ ಬಿಸಿಯಲ್ಲಿ ಸೇರಿ ನೂರಾರು ಹೊಸ ಪರಿಮಳಗಳಾಗುತ್ತವೆ. ಇದನ್ನು 1912 ರಲ್ಲಿ ವಿವರಿಸಿದವರು ಫ್ರಾನ್ಸ್‌ನ ಲೂಯಿ ಕಮೀಲ್ ಮೆಯ್ಯಾರ್. ಈಗಲೂ ಅವರ ಹೆಸರಲ್ಲೇ ಇದನ್ನು ಮೆಯ್ಯಾರ್ ರಿಯಾಕ್ಷನ್ ಅನ್ನುತ್ತಾರೆ. ಬ್ರೆಡ್ಡಿನ ಹೊರಪದರ, ಹುರಿದ ಕಾಫಿ ಬೀಜ, ಎಲ್ಲದರ ಘಮದ ಹಿಂದೆಯೂ ಇದೇ ಇದೆ.

ಹಾಗೇ ಇನ್ನೊಂದು ಮಾತು. ಜೋರು ಉರಿಯಲ್ಲಿ ಸುಟ್ಟರೆ ಮಾಂಸದ ರಂಧ್ರ ಮುಚ್ಚಿ ರಸ ಒಳಗೇ ಉಳಿಯುತ್ತದೆ ಅಂತ ತುಂಬಾ ಜನ ಹೇಳುತ್ತಾರೆ. 19ನೇ ಶತಮಾನದಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಯುಸ್ಟುಸ್ ಫಾನ್ ಲೀಬಿಗ್ ಇದನ್ನು ಜನಪ್ರಿಯ ಮಾಡಿದರು. ಆದರೆ ಅದು ನಿಜವಲ್ಲ. ಈಗ ಬಾಣಲೆಗೆ ಹಾಕುತ್ತೇನೆ, ಆ ಸದ್ದು ಕೇಳಿ. ಒಳಗಿನ ತೇವ ಹೊರಗೆ ಬಂದು ಆವಿಯಾಗುತ್ತಿರುವ ಸದ್ದು ಅದು. ರಸಕ್ಕೆ ಬಾಗಿಲು ಹಾಕಿದ್ದರೆ ಸದ್ದು ನಿಲ್ಲಬೇಕಿತ್ತು, ಅಲ್ವಾ? ನಾವು ಜೋರು ಉರಿಯಲ್ಲಿ ಸುಡುವುದು ರುಚಿಗೆ. ಆ ರುಚಿಗಾಗಿ ಸುಡುವುದರಲ್ಲಿ ತಪ್ಪೇನೂ ಇಲ್ಲ.

ಬಾಣಲೆ ಕಾಸ್ಟ್ ಐರನ್, ಭಾರದ್ದು. ಬಿಸಿ ಹಿಡಿದಿಟ್ಟುಕೊಳ್ಳುವುದರಿಂದ ತಣ್ಣಗಿನ ಮಾಂಸ ಬಿದ್ದರೂ ಬೇಗ ತಣಿಯಲ್ಲ. ಎಣ್ಣೆ ಸುಮ್ನೆ ಹೊಗೆಯಾಡಲು ಶುರುವಾದಾಗ ಸ್ಟೇಕ್ ಇಡಬೇಕು. ಬೆಣ್ಣೆ ಈಗಲೇ ಬೇಡ, ಅದರಲ್ಲಿರುವ ಹಾಲಿನಂಶ ಈ ಬಿಸಿಗೆ ಸೀದು ಕಹಿಯಾಗುತ್ತದೆ. ಕಿಟಕಿ ತೆಗೆದಿಡಿ.

ಮೊದಲು ಬಾಣಲೆಗೆ ಇಳಿದಿರುವುದು ಅಕ್ಕನ ಸ್ಟೇಕ್. ಅವಳಿಗೆ ಪೂರ್ತಿ ಬೆಂದಿರಬೇಕು, ಒಳಗೆ ಕೆಂಪು ಕಾಣಬಾರದು. ನನಗೆ ಮೀಡಿಯಂ ರೇರ್ ಇಷ್ಟ, ಅಂದರೆ ನಡುಭಾಗ ಇನ್ನೂ ಕೆಂಪಗೆ, ರಸಭರಿತವಾಗಿ ಇರುವ ಹದ. ಪೂರ್ತಿ ಬೇಯಿಸಿ ತಿನ್ನುವವರಿಗೆ ಸ್ಟೇಕ್ ತಿನ್ನಲು ಬರಲ್ಲ ಅನ್ನುವ ಮಾತು ನನಗೆ ಒಂಚೂರೂ ಸೇರುವುದಿಲ್ಲ. ದಣಿದು ಬಂದವರಿಗೆ ಅವರಿಗೆ ಬೇಕಾದ ಹಾಗೆ ಮಾಡಿ ಬಡಿಸಬೇಕು, ಅಷ್ಟೇ. ಮತ್ತೆ ಪೂರ್ತಿ ಬೇಯದ ಸ್ಟೇಕ್‌ನಿಂದ ಬರುವ ಆ ಕೆಂಪು ರಸ ರಕ್ತ ಅಲ್ಲ, ಮಯೋಗ್ಲೋಬಿನ್ ಅನ್ನುವ ಪ್ರೋಟೀನ್ ಸೇರಿದ ನೀರು. ಅಕ್ಕನಿಗೂ ಇದು ಗೊತ್ತು, ಗೊತ್ತಿದ್ದೂ ಅವಳಿಗೆ ಬೇಡ.

ಪೂರ್ತಿ ಬೆಂದ ಸ್ಟೇಕ್ ಒಣ ಒಣ ಆಗಬೇಕು ಅಂತೇನಿಲ್ಲ. ಬಿಸಿ ಏರಿದ ಹಾಗೆ ಮಾಂಸದ ಎಳೆಗಳು ಕುಗ್ಗಿ ನೀರನ್ನು ಹಿಂಡಿ ಹೊರಹಾಕುತ್ತವೆ. ಅದಕ್ಕೇ ರಿಬ್‌ಐ ತೆಗೆದುಕೊಂಡಿದ್ದು, ಒಳಗೆ ಕೊಬ್ಬಿನ ಗೆರೆಗಳು ಜಾಸ್ತಿ ಇರುವುದರಿಂದ ಬೆಂದರೂ ಮೆತ್ತಗಿರುತ್ತದೆ. ಎರಡೂ ಕಡೆ ಕಂದು ಬಣ್ಣ ಬಂದ ಮೇಲೆ ಉರಿ ಇಳಿಸಿ, ನಿಧಾನವಾಗಿ ಬೇಯಲು ಬಿಡಿ, 70 ಡಿಗ್ರಿ ಹತ್ತಿರ ಬಂದ ಕೂಡಲೇ ತೆಗೆಯಿರಿ. ಕೊನೇವರೆಗೂ ಜೋರು ಉರಿ ಇಟ್ಟರೆ ಹೊರಗೆ ಇದ್ದಿಲು, ಒಳಗೆ ರಬ್ಬರ್.

ಅಕ್ಕನದನ್ನು ಕಡಿಮೆ ಉರಿಗೆ ಇಳಿಸಿದ ಮೇಲೆ ನನ್ನದು ಪಕ್ಕದ ಒಲೆಯ ಬಾಣಲೆಗೆ. ಒಂದೇ ಬಾಣಲೆ ಇದ್ದರೆ ಒಂದಾದ ಮೇಲೆ ಒಂದು ಮಾಡಿ, ಮೊದಲು ಆದದ್ದಕ್ಕೆ ಹೇಗೂ ಸ್ವಲ್ಪ ಹೊತ್ತು ಸುಮ್ಮನಿರುವುದು ಬೇಕೇ ಬೇಕು. ಒಂದೇ ಸಲ ತಿರುವಬೇಕು ಅನ್ನುವ ನಿಯಮವನ್ನು ನಾನು ಪಾಲಿಸುವುದಿಲ್ಲ. ನಿಮಿಷಕ್ಕೊಮ್ಮೆ ತಿರುವುತ್ತೇನೆ, ಎರಡೂ ಕಡೆ ಸಮವಾಗಿ ಬೇಯುತ್ತದೆ, ಬೇಗನೂ ಆಗುತ್ತದೆ. ಇಕ್ಕಳದಲ್ಲಿ ಹಿಡಿದು ಕೊಬ್ಬಿರುವ ಅಂಚನ್ನೂ ಬಾಣಲೆಗೆ ಒತ್ತಿ ಹಿಡಿಯಿರಿ, ಅಲ್ಲಿಯ ಕೊಬ್ಬು ಕರಗಿ ಗರಿಗರಿಯಾಗುವುದನ್ನು ಬಿಡಬಾರದು.

ಕೊನೆಯ ಎರಡು ನಿಮಿಷಕ್ಕೆ ಬೆಣ್ಣೆ, ಜಜ್ಜಿದ ಬೆಳ್ಳುಳ್ಳಿ ಎಸಳು, ಒಂದು ಕಡ್ಡಿ ಥೈಮ್ ಅನ್ನುವ ಘಮದ ಸೊಪ್ಪು. ಉರಿ ಮಧ್ಯಮ. ಬಾಣಲೆ ಸ್ವಲ್ಪ ವಾಲಿಸಿದರೆ ಬೆಣ್ಣೆ ಒಂದು ಕಡೆ ಸೇರುತ್ತದೆ, ನೊರೆ ನೊರೆಯಾಗಿ. ಅದನ್ನು ಚಮಚದಲ್ಲಿ ಎತ್ತಿ ಎತ್ತಿ ಮಾಂಸದ ಮೇಲೆ ಹೊಯ್ಯುತ್ತಾ ಹೋಗಿ. ಬೆಳ್ಳುಳ್ಳಿ ಹೊಂಬಣ್ಣಕ್ಕೆ ಬಂದಿದೆ, ನೋಡಿ. ಅದು ಕಪ್ಪಾಗುವ ಮೊದಲು ಎಲ್ಲಾ ಮುಗಿಯಬೇಕು.

ಬೆಂದಿದೆಯಾ ಅಂತ ಬೆರಳಲ್ಲಿ ಒತ್ತಿ ಹೇಳುವವರಿದ್ದಾರೆ. ನಾನು ಥರ್ಮಾಮೀಟರ್ ಚುಚ್ಚುತ್ತೇನೆ, ಪಕ್ಕದಿಂದ, ಸರಿಯಾಗಿ ನಡುಭಾಗಕ್ಕೆ. ಮೀಡಿಯಂ ರೇರ್ ಅಂದರೆ ತಿನ್ನುವಾಗ 54 ರಿಂದ 57 ಡಿಗ್ರಿ, ಹಾಗಾಗಿ 51 ಬಂದಾಗಲೇ ತೆಗೆದುಬಿಡುತ್ತೇನೆ. ಒಲೆಯಿಂದ ಇಳಿಸಿದ ಮೇಲೂ ಹೊರಗಿನ ಬಿಸಿ ಒಳಗೆ ಹೋಗಿ ಮೂರು, ನಾಲ್ಕು ಡಿಗ್ರಿ ಏರುತ್ತದೆ. ಅಮೆರಿಕದ ಕೃಷಿ ಇಲಾಖೆ ಸುರಕ್ಷತೆಗೆ ಹೇಳುವುದು 63 ಡಿಗ್ರಿ, ಆಮೇಲೆ 3 ನಿಮಿಷ ಹಾಗೇ ಬಿಡುವುದು. ಮನೆಯಲ್ಲಿ ಗರ್ಭಿಣಿಯರು, ವಯಸ್ಸಾದವರು, ಚಿಕ್ಕ ಮಕ್ಕಳು ಇದ್ದರೆ ಅವರ ತಟ್ಟೆಗೆ ಅದಕ್ಕಿಂತ ಕಡಿಮೆ ಬೇಡವೇ ಬೇಡ.

ಎರಡೂ ಸ್ಟೇಕ್ ಹಲಗೆ ಮೇಲೆ ಇಟ್ಟೆ. ಏಳೆಂಟು ನಿಮಿಷ ಯಾರೂ ಮುಟ್ಟುವ ಹಾಗಿಲ್ಲ. ತಕ್ಷಣ ಕತ್ತರಿಸಿದರೆ ರಸವೆಲ್ಲಾ ಹಲಗೆ ಮೇಲೆ ಹರಿದುಹೋಗುತ್ತದೆ.

ಮ್ಯಾಶ್ ಮಾಡುವುದು ಈ ಏಳೆಂಟು ನಿಮಿಷದಲ್ಲಿ. ಆಲೂಗಡ್ಡೆಯ ನೀರು ಬಸಿದು, ಅದೇ ಬಿಸಿ ಪಾತ್ರೆಗೆ ವಾಪಸ್ ಹಾಕಿ, ಸಣ್ಣ ಉರಿಯಲ್ಲಿ ಒಂದೆರಡು ನಿಮಿಷ ಅಲ್ಲಾಡಿಸಿ. ಹಬೆ ಏಳುತ್ತದೆ, ಹೋಳಿನ ಅಂಚು ಬೆಳ್ಳಗೆ ಪುಡಿಪುಡಿ ಕಾಣುತ್ತದೆ. ಹೋದಷ್ಟು ನೀರಿನ ಜಾಗಕ್ಕೆ ಬೆಣ್ಣೆ ಬರುತ್ತದೆ, ಹಾಗಾಗಿ ಈ ಎರಡು ನಿಮಿಷ ಉಳಿಸಲು ಹೋಗಬೇಡಿ. ಆಮೇಲೆ ಕೈ ಮ್ಯಾಶರ್‌ನಿಂದ ಒತ್ತುವುದು. ತುಂಬಾ ನುಣ್ಣಗೆ ಬೇಕಾದರೆ ಜರಡಿಯಲ್ಲಿ ಒತ್ತಿ ಇಳಿಸಿ. ಮಿಕ್ಸಿಗೆ ಮಾತ್ರ ಹಾಕಲೇಬೇಡಿ, ದಯವಿಟ್ಟು. ಬ್ಲೇಡು ಆಲೂಗಡ್ಡೆಯ ಕಣಗಳನ್ನು ಒಡೆದು ಒಳಗಿನ ಪಿಷ್ಟವನ್ನೆಲ್ಲಾ ಹೊರಗೆ ಬಿಡುತ್ತದೆ, ಮ್ಯಾಶ್ ಗೋಂದಿನ ಹಾಗೆ ಎಳೆ ಎಳೆಯಾಗುತ್ತದೆ. ಅದನ್ನು ಮತ್ತೆ ಸರಿಮಾಡುವ ದಾರಿಯೇ ಇಲ್ಲ.

ಬೆಣ್ಣೆ ಮೊದಲು, ಹಾಲು ಆಮೇಲೆ. ಫ್ರಾನ್ಸ್‌ನ ಪ್ರಸಿದ್ಧ ಶೆಫ್ ಜೋಯೆಲ್ ರೊಬುಶಾನ್ ಅವರ ಆಲೂಗಡ್ಡೆ ಪ್ಯೂರೆಗೆ 1 ಕೆಜಿ ಆಲೂಗಡ್ಡೆಗೆ 250 ಗ್ರಾಂ ಬೆಣ್ಣೆ ಬೀಳುತ್ತದೆ. ಅಷ್ಟೆಲ್ಲಾ ಪ್ರಶಸ್ತಿ ಪಡೆದ ಮನುಷ್ಯನಿಗೆ ಹೆಸರು ತಂದ ಅಡುಗೆಗಳಲ್ಲಿ ಆಲೂಗಡ್ಡೆಯೂ ಒಂದು ಅನ್ನುವುದು ನನಗೆ ತುಂಬಾ ಖುಷಿ ಕೊಡುತ್ತದೆ. ನಾನು 600 ಗ್ರಾಮಿಗೆ 100 ಗ್ರಾಂ ಹಾಕುತ್ತೇನೆ. ಬೆಣ್ಣೆ ಪೂರ್ತಿ ಸೇರಿದ ಮೇಲೆ ಬಿಸಿ ಹಾಲು, ಸ್ವಲ್ಪ ಸ್ವಲ್ಪವಾಗಿ, ಸುಮಾರು ಅರ್ಧ ಕಪ್. ತಣ್ಣನೆ ಹಾಲು ಹಾಕಿದರೆ ಮ್ಯಾಶ್ ಅಲ್ಲೇ ತಣ್ಣಗಾಗಿಬಿಡುತ್ತದೆ. ಇಲ್ಲಿ ನೋಡಿ, ಚಮಚ ಎಳೆದ ಗೆರೆ ಒಂದು ಕ್ಷಣ ನಿಂತು ನಿಧಾನವಾಗಿ ಮುಚ್ಚಿಕೊಳ್ಳುತ್ತಿದೆ. ಈ ಹದ ಬಂದರೆ ಸಾಕು. ಉಪ್ಪು ನೋಡಿ, ಸ್ವಲ್ಪ ಕಾಳುಮೆಣಸಿನ ಪುಡಿ.

ಬಾಣಲೆ ತೊಳೆಯಲು ಹೋಗಬೇಡಿ, ತಳದಲ್ಲಿ ಅಂಟಿರುವ ಆ ಕಂದು ಪದರದಲ್ಲೇ ಸಾಸ್ ಇದೆ. ಜಾಸ್ತಿ ಕೊಬ್ಬು ಚೆಲ್ಲಿ, ಸಣ್ಣಗೆ ಹೆಚ್ಚಿದ ಈರುಳ್ಳಿ ಒಂದು ನಿಮಿಷ ಹುರಿದು, ಅರ್ಧ ಕಪ್ ಸ್ಟಾಕ್ (ಮೂಳೆ, ತರಕಾರಿ ಕುದಿಸಿ ಸೋಸಿದ ನೀರು) ಹಾಕಿ, ಮರದ ಸೌಟಿನಲ್ಲಿ ಕೆರೆಯುತ್ತಾ ಅರ್ಧಕ್ಕೆ ಇಂಗಿಸಿ. ಒಲೆ ಆರಿಸಿ ಒಂದು ತುಂಡು ಬೆಣ್ಣೆ. ಹಲಗೆ ಮೇಲೆ ಇಳಿದಿರುವ ರಸವನ್ನೂ ಇದಕ್ಕೇ ಸುರಿಯಿರಿ.

ಈಗ ಕತ್ತರಿಸೋಣ. ಎಳೆಗಳು ಯಾವ ಕಡೆ ಓಡುತ್ತಿವೆ ನೋಡಿ ಅದಕ್ಕೆ ಅಡ್ಡವಾಗಿ. ಎಳೆ ಚಿಕ್ಕದಾದಷ್ಟೂ ಅಗಿಯುವುದು ಸುಲಭ. ತಟ್ಟೆಗಳನ್ನು ಮೊದಲೇ ಬಿಸಿನೀರಲ್ಲಿ ಅದ್ದಿ ಒರೆಸಿಟ್ಟಿದ್ದೆ, ಇಲ್ಲದಿದ್ದರೆ ಮ್ಯಾಶ್ ಎರಡು ತುತ್ತಿಗೇ ಆರಿಹೋಗುತ್ತದೆ.

ಅಕ್ಕ ಚಪ್ಪಲಿ ಬಿಟ್ಟು ನೇರ ಅಡುಗೆಮನೆಗೇ ಬಂದಳು, ಪಾತ್ರೆಯಿಂದಲೇ ಒಂದು ಚಮಚ ತೆಗೆದು ತಿಂದಳು. ಆ ಭಾಗ ಕ್ಯಾಮೆರಾದಲ್ಲಿ ಇಲ್ಲ, ಅವಳಿಗೆ ಇಷ್ಟವಿಲ್ಲ. ಊಟದ ಮೇಜಿನಲ್ಲಿ ಅವಳು ಮ್ಯಾಶ್ ನಡುವೆ ಗುಂಡಿ ಮಾಡಿ ಸಾಸ್ ಸುರಿದುಕೊಂಡಳು, ಸ್ಟೇಕ್ ತುಂಡನ್ನು ಅದರಲ್ಲಿ ಅದ್ದಿ ತಿನ್ನುತ್ತಾ ವಾರದ ಕಥೆಯೆಲ್ಲಾ ಹೇಳಿದಳು. ಎರಡನೇ ಸಲ ಬಡಿಸಿಕೊಂಡದ್ದು ಆಲೂಗಡ್ಡೆ ಮಾತ್ರ.

ಉಳಿದ ಮ್ಯಾಶ್ ಡಬ್ಬಿಯಲ್ಲಿ ಹಾಕಿ ಫ್ರಿಜ್‌ನಲ್ಲಿಟ್ಟಿದ್ದೇನೆ. ನಾಳೆ ಬೆಳಿಗ್ಗೆ ಒಂದು ಮೊಟ್ಟೆ, ಸ್ವಲ್ಪ ಮೈದಾ ಸೇರಿಸಿ, ತಟ್ಟಿ, ಎರಡೂ ಕಡೆ ಗರಿಗರಿಯಾಗಿ ಬೇಯಿಸುವುದು. ಅಕ್ಕ ಇವತ್ತು ಇಲ್ಲೇ ಉಳಿಯುತ್ತಾಳಂತೆ.