ಬಿಳಿಬಾಲದ ಜಿಂಕೆಯ ಚಳಿಗಾಲ

ಕೇಳುಗರೆಲ್ಲರಿಗೂ ನಮಸ್ಕಾರ.

ಅಮೆರಿಕದ ಉತ್ತರದಲ್ಲಿ, ಸುಪೀರಿಯರ್ ಸರೋವರದ ದಡಕ್ಕೆ ತಾಗಿಕೊಂಡು ವಿಸ್ಕಾನ್ಸಿನ್ ಅಂತ ಒಂದು ರಾಜ್ಯವಿದೆ. ಹಾಲು, ಚೀಸ್‌ಗೆ ಹೆಸರುವಾಸಿ. ನವೆಂಬರಿನಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮುಂಚಿನ ಶನಿವಾರ ಬಂತೆಂದರೆ ಅಲ್ಲಿ ಐದು ಲಕ್ಷಕ್ಕೂ ಜಾಸ್ತಿ ಜನ, ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟು, ಕೋವಿ ಹೆಗಲಿಗೇರಿಸಿ ಕಾಡಿಗೆ ಹೊರಡುತ್ತಾರೆ. ಒಂಬತ್ತು ದಿನದ ಬೇಟೆ. ಕೆಲಸಕ್ಕೆ ರಜೆ ಹಾಕಿ, ಅಜ್ಜ, ಮಗಳು, ಮೊಮ್ಮಗ ಎಲ್ಲ ಕಾಡಂಚಿನ ಮನೆಯಲ್ಲಿ ಬೀಡುಬಿಡುತ್ತಾರೆ. ಹೊಡೆಯುವುದು ಬಿಳಿಬಾಲದ ಜಿಂಕೆಯನ್ನು. ಹೆದರಿದಾಗ ಬಾಲ ಮೇಲೆತ್ತಿ, ಅಡಿಯ ಬಿಳಿ ತೋರಿಸುತ್ತಾ ಓಡುತ್ತದೆ, ಅದಕ್ಕೇ ಆ ಹೆಸರು.

ನಮ್ಮಲ್ಲಿ 1972ರ ಕಾನೂನು ಬಂದ ಮೇಲೆ ಜಿಂಕೆಗೆ ಕೋವಿ ಎತ್ತಿದರೆ ಜೈಲು. ಹಾಗಾಗಿ ಇದನ್ನೆಲ್ಲ ಕೇಳಿದ ಕೂಡಲೇ ‘ಅಯ್ಯೋ ಪಾಪ’ ಅನಿಸುತ್ತದೆ. ಸಹಜವೇ. ಆದರೆ ಆ ರಾಜ್ಯದ ಉತ್ತರದ ಕಾಡಿನಲ್ಲಿ ಜಿಂಕೆಯ ಹಣೆಬರಹ ಬರೆಯುವುದು ಕೋವಿಗಿಂತ ಜಾಸ್ತಿ ಹಿಮ. ನಾನು ಇವತ್ತು ಹೇಳಹೊರಟಿದ್ದು ಅದನ್ನೇ.

ಬೇಸಿಗೆಯಲ್ಲಿ ಕೆಂಚಗಿರುವ ಈ ಜಿಂಕೆ ಚಳಿಗೆ ಬೂದು ಬಣ್ಣಕ್ಕೆ ತಿರುಗುತ್ತದೆ. ಹೊರಗಿನ ಕೂದಲು ಒಳಗೆ ಟೊಳ್ಳು. ಅದರಡಿ ಹತ್ತಿಯಂಥ ದಟ್ಟ ತುಪ್ಪಳ. ಮೈಯ ಶಾಖ ಹೊರಗೆ ಹೋಗುವುದು ಎಷ್ಟು ಕಮ್ಮಿಯೆಂದರೆ, ಬೆನ್ನ ಮೇಲೆ ಬಿದ್ದ ಹಿಮ ಕರಗದೆ ಹಾಗೇ ಕೂತಿರುತ್ತದೆ. ಚಳಿ ಬಿಗಿಯಾದಂತೆ ಅದು ಓಡಾಟ ಕಡಿಮೆ ಮಾಡುತ್ತದೆ, ತಿನ್ನುವುದನ್ನೂ ಕಡಿಮೆ ಮಾಡುತ್ತದೆ. ಶರತ್ಕಾಲದಲ್ಲಿ ಓಕ್ ಕಾಯಿ, ಜೋಳ ತಿಂದು ಕೂಡಿಟ್ಟ ಕೊಬ್ಬನ್ನೇ ಕರಗಿಸಿಕೊಂಡು ದಿನ ನೂಕುತ್ತದೆ. ದೊಡ್ಡ ಜಿಂಕೆ ತೂಕದಲ್ಲಿ ಕಾಲು ಭಾಗ ಕಳೆದುಕೊಂಡರೂ ಬದುಕಬಲ್ಲದು. ಮರಿಗೆ ಆ ಗಂಟಿಲ್ಲ. ತಿಂದದ್ದೆಲ್ಲ ಬೆಳೆಯುವುದಕ್ಕೇ ಹೋಗಿರುತ್ತದೆ. ಗಂಡುಗಳದ್ದು ಬೇರೆ ಕಥೆ. ನವೆಂಬರಿನ ಬೆದೆಗಾಲದಲ್ಲಿ ಮೇವು ಬಿಟ್ಟು ಹೆಣ್ಣುಗಳ ಹಿಂದೆ ಅಲೆದು ಸೊರಗಿಯೇ ಚಳಿಗಾಲಕ್ಕೆ ಕಾಲಿಡುತ್ತವೆ.

ಹಿಮ ಒಂದೂವರೆ ಅಡಿ ದಾಟಿತೋ, ನಡೆಯುವುದೇ ಕಷ್ಟ. ಆಗ ಸುತ್ತಲಿನ ಜಿಂಕೆಗಳೆಲ್ಲ ಸೀಡರ್, ಹೆಮ್ಲಾಕ್ ಮರಗಳ ದಟ್ಟ ತೋಪುಗಳಿಗೆ ಬಂದು ಸೇರುತ್ತವೆ. ಚಳಿಗಾಲದಲ್ಲೂ ಎಲೆ ಉದುರಿಸದ ಮರಗಳು ಇವು. ಕೊಂಬೆಗಳೇ ಹಿಮ ತಡೆಯುವುದರಿಂದ ಕೆಳಗೆ ಹಿಮ ಕಮ್ಮಿ, ಗಾಳಿಯೂ ಕಮ್ಮಿ. ತುಳಿದು ತುಳಿದು ಜಾಡು ಗಟ್ಟಿಯಾಗುತ್ತದೆ. ತಾಯಿ ಹೋದ ತೋಪಿಗೇ ಮರಿ ಹೋಗುತ್ತದೆ, ಮುಂದೆ ಅದರ ಮರಿಯೂ ಅಲ್ಲಿಗೇ. ತೊಂದರೆ ಏನೆಂದರೆ, ಹಸಿವಿಗೆ ಒಳ್ಳೆಯದಾದ ಸೀಡರ್ ಸೊಪ್ಪು ಸಿಗುವುದು ಬಾಯಿಗೆ ಎಟುಕುವಷ್ಟು ದಿನ ಮಾತ್ರ. ಹಿಂಗಾಲ ಮೇಲೆ ನಿಂತು ದೊಡ್ಡವು ಆರೇಳು ಅಡಿವರೆಗೆ ಮೇಯುತ್ತವೆ. ಅಂಥ ತೋಪಿನಲ್ಲಿ ಮರಗಳೆಲ್ಲ ಒಂದೇ ಎತ್ತರಕ್ಕೆ, ದಾರ ಹಿಡಿದು ಕತ್ತರಿಸಿದ ಹಾಗೆ, ಅಡಿಯಿಂದ ಬೋಳಾಗಿರುತ್ತವೆ. ಆ ಗೆರೆ ಮರಿಗೆ ಎಟುಕುವುದಿಲ್ಲ. ಮಾರ್ಚ್‌ನಲ್ಲಿ ಮೊದಲು ಬೀಳುವುದೂ ಅವೇ. ಸತ್ತದ್ದು ಹಸಿವಿನಿಂದಲೋ ಅಲ್ಲವೋ ಅಂತ ನೋಡಲು ತೊಡೆಮೂಳೆ ಒಡೆಯುತ್ತಾರೆ. ಮಜ್ಜೆ ಬೆಳ್ಳಗೆ ಗಟ್ಟಿಯಾಗಿದ್ದರೆ ಸರಿ. ಕೆಂಪಗೆ ಲೋಳೆಯಾಗಿದ್ದರೆ ಕೊಬ್ಬು ಪೂರ್ತಿ ಮುಗಿದಿತ್ತು ಅಂತ ಅರ್ಥ.

ವನ್ಯಜೀವಿಗಳನ್ನು ನೋಡಿಕೊಳ್ಳುವ ಅಲ್ಲಿನ ಸರ್ಕಾರಿ ಇಲಾಖೆ ಚಳಿಗೂ ಒಂದು ಲೆಕ್ಕ ಇಟ್ಟಿದೆ. ಡಿಸೆಂಬರ್ 1ರಿಂದ ಏಪ್ರಿಲ್ 30ರವರೆಗೆ, ನೆಲದ ಮೇಲೆ 18 ಇಂಚು ಹಿಮ ಇದ್ದ ದಿನಕ್ಕೆ ಒಂದು ಅಂಕ. ಉಷ್ಣತೆ ಸೊನ್ನೆ ಫ್ಯಾರನ್‌ಹೀಟ್‌ಗೆ, ಅಂದರೆ ನಮ್ಮ ಲೆಕ್ಕದಲ್ಲಿ ಮೈನಸ್ 18 ಡಿಗ್ರಿಗೆ, ಇಳಿದರೆ ಇನ್ನೊಂದು. ಒಟ್ಟು 50ರೊಳಗಿದ್ದರೆ ಹಗುರ ಚಳಿಗಾಲ, 80 ದಾಟಿದರೆ ಕಠಿಣ. 2013–14ರ ಚಳಿ ಉತ್ತರದಲ್ಲಿ ಎಷ್ಟು ಕ್ರೂರವಾಗಿತ್ತೆಂದರೆ, ಮುಂದಿನ ಬೇಟೆಗೆ ಅಲ್ಲಿನ ಹಲವು ಜಿಲ್ಲೆಗಳಲ್ಲಿ ಹೆಣ್ಣು ಜಿಂಕೆ ಹೊಡೆಯುವುದನ್ನು ಬಹುಮಟ್ಟಿಗೆ ನಿಲ್ಲಿಸಿದರು.

ಹಾಗಾದರೆ ಹೆಣ್ಣು ಜಿಂಕೆ ಹೊಡೆಯುವುದಾದರೂ ಯಾಕೆ? ಇದಕ್ಕೆ ಅಲ್ಲಿ ದೊಡ್ಡ ಜಗಳವೇ ನಡೆದಿತ್ತು. ಆಲ್ಡೊ ಲಿಯೋಪೋಲ್ಡ್ ಅಂತ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಪ್ರೊಫೆಸರ್, ವನ್ಯಜೀವಿ ಶಾಸ್ತ್ರಕ್ಕೆ ಬುನಾದಿ ಹಾಕಿದವರು. ತೋಪುಗಳಲ್ಲಿ ಮೇವು ಮುಗಿದಿದೆ, ಬಾಯಿಗಳು ಜಾಸ್ತಿಯಾಗಿವೆ, ಗಂಡುಗಳನ್ನಷ್ಟೇ ಹೊಡೆದರೆ ಸಂಖ್ಯೆ ಇಳಿಯುವುದಿಲ್ಲ ಅಂತ ಅವರು ವಾದಿಸಿದರು. 1943ರಲ್ಲಿ ಕೊಂಬಿಲ್ಲದ ಜಿಂಕೆಗೂ ಅನುಮತಿ ಸಿಕ್ಕಿತು. ಆ ವರ್ಷ ಸುಮಾರು 1 ಲಕ್ಷ 28 ಸಾವಿರ ಜಿಂಕೆ ಬಿದ್ದವು. ಜನ ಕೆಂಡವಾದರು. ಅದನ್ನು ‘43ರ ಅಪರಾಧ’ ಅಂತಲೇ ಕರೆದರು. ನನಗೆ ಲಿಯೋಪೋಲ್ಡ್ ಹೇಳಿದ್ದೇ ಸರಿ ಅನಿಸುತ್ತದೆ. ಆದರೆ ಬೈದವರ ಸಂಕಟವೂ ಸುಳ್ಳಲ್ಲ. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಲಂಗುಲಗಾಮಿಲ್ಲದ ಬೇಟೆಯಿಂದ ಇಡೀ ದೇಶದಲ್ಲಿ ಜಿಂಕೆ ಕೆಲವೇ ಲಕ್ಷಕ್ಕೆ ಇಳಿದಿತ್ತು. ಅದನ್ನು ಕಂಡವರು ‘ಹೆಣ್ಣನ್ನೂ ಹೊಡೀರಿ’ ಅಂದರೆ ಒಪ್ಪುತ್ತಾರಾ?

ಒಂಬತ್ತು ದಿನ ಮುಗಿದರೂ ಬೇಟೆ ಪೂರ್ತಿ ನಿಲ್ಲುವುದಿಲ್ಲ. ಡಿಸೆಂಬರಿನಲ್ಲಿ, ನಳಿಗೆಯ ಬಾಯಿಂದ ಮದ್ದು ತುಂಬುವ ಕೋವಿಯವರಿಗೆ ಕೆಲವು ದಿನ. ಬಿಲ್ಲಿನವರಿಗೆ ಜನವರಿಯ ಶುರುವರೆಗೂ. ಮಲೆನಾಡಿನ ಹಳಬರು ಮರಸು ಕೂರುತ್ತಿದ್ದರಲ್ಲ, ಇದೂ ಹಾಗೆಯೇ: ಮರದ ಮೇಲಿನ ಅಟ್ಟಣೆ, ಗಾಳಿ ಎತ್ತ ಬೀಸುತ್ತಿದೆ ಅನ್ನುವುದರ ಮೇಲೆ ಕಣ್ಣು. ಜೊತೆಗೆ ಸೊಂಟಕ್ಕೆ, ಹೆಗಲಿಗೆ ಬಿಗಿದ ಪಟ್ಟಿ. ಅಟ್ಟಣೆಯಿಂದ ಬಿದ್ದು ಕೈಕಾಲು ಮುರಿದುಕೊಳ್ಳುವವರು ಕಮ್ಮಿ ಇಲ್ಲ. ಈ ಹೊತ್ತಿಗೆ ಇನ್ನೊಂದು ತಮಾಷೆ ಶುರುವಾಗುತ್ತದೆ. ಗಂಡುಗಳ ಕೊಂಬು ಉದುರತೊಡಗುತ್ತವೆ. ಎರಡೂ ಕೊಂಬು ಮೂರು ಇಂಚಿಗಿಂತ ಚಿಕ್ಕದಿದ್ದರೆ ಕಾನೂನಿನ ಲೆಕ್ಕದಲ್ಲಿ ಅದು ಕೊಂಬಿಲ್ಲದ ಜಿಂಕೆ. ಹೆಣ್ಣು ಅಂದುಕೊಂಡು ಹೊಡೆದು, ಹತ್ತಿರ ಹೋಗಿ ನೋಡಿ ಪೆಚ್ಚಾಗುವವರುಂಟು.

ಅಲ್ಲಿ ನೆಲೆಸಿದ ನಮ್ಮವರಿಗೆ ಒಂದು ಮಾತು. ಹಿತ್ತಲಿಗೆ ಬಡಕಲು ಜಿಂಕೆ ಬಂದರೆ ಜೋಳ ಸುರಿಯೋಣ ಅನಿಸುತ್ತದೆ. ಬೇಡ. ಮದುವೆಮನೆಯ ಅನ್ನ ತಿಂದ ಹಸು ಹೊಟ್ಟೆಯುಬ್ಬರಿಸಿ ಒದ್ದಾಡುತ್ತದಲ್ಲ, ಇದೂ ಮೆಲುಕು ಹಾಕುವ ಪ್ರಾಣಿಯೇ. ಚಳಿಗಾಲದಲ್ಲಿ ಅದರ ಹೊಟ್ಟೆ ಕಡ್ಡಿ, ಮೊಗ್ಗು, ಸೊಪ್ಪಿಗೆ ಒಗ್ಗಿರುತ್ತದೆ. ಏಕಾಏಕಿ ಕಾಳು ಬಿದ್ದರೆ ಒಳಗೆಲ್ಲ ಹುಳಿಯಾಗಿ, ಹೊಟ್ಟೆ ತುಂಬಿದ್ದೂ ಸಾಯುತ್ತದೆ. ಮೇಲಾಗಿ 2002ರಿಂದ ಆ ರಾಜ್ಯದಲ್ಲಿ ಜಿಂಕೆಗಳ ಮಿದುಳಿಗೆ ತಗಲುವ, ಮದ್ದಿಲ್ಲದ ರೋಗವೊಂದು ಕಾಣಿಸಿಕೊಂಡಿದೆ. ಒಂದೇ ರಾಶಿಗೆ ಹತ್ತು ಜಿಂಕೆ ಬಾಯಿ ಹಾಕಿದರೆ ಜೊಲ್ಲಿನಿಂದಲೇ ಹರಡಬಹುದು. ಎಷ್ಟೋ ಜಿಲ್ಲೆಗಳಲ್ಲಿ ಮೇವು ಹಾಕುವುದೇ ಕಾನೂನಿಗೆ ವಿರುದ್ಧ.

ಸಹಾಯ ಮಾಡಲೇಬೇಕು ಅನ್ನುವ ಜಮೀನಿನವರು ಅಲ್ಲಿ ಮರ ಕಡಿಯುವ ಕೆಲಸವನ್ನು ಚಳಿಗಾಲಕ್ಕೇ ಇಟ್ಟುಕೊಳ್ಳುತ್ತಾರೆ. ದಿಮ್ಮಿ ಲಾರಿಗೆ, ತುದಿಯ ಕೊಂಬೆ ಜಿಂಕೆಗೆ. ಯಂತ್ರಗರಗಸದ ಸದ್ದು ಕೇಳಿದರೆ ಅವು ಓಡುವುದಿಲ್ಲ, ಮೇವು ಬಿತ್ತು ಅಂತ ಹತ್ತಿರ ಬರುತ್ತವೆ.