ಗಾಳಿಯನ್ನು ದೂರವಿಡುವ ಬೆಸುಗೆ

ಗೌರವಾನ್ವಿತ ಸಭಿಕರೆ,

ಗೇಟು, ಗ್ರಿಲ್ಲುಗಳಿಗೆ ಮಾಡುವ ರಾಡ್ ವೆಲ್ಡಿಂಗನ್ನು ನಮ್ಮ ಕರಾವಳಿಯ ಬೈಕಂಪಾಡಿಯಿಂದ ಮಲ್ಪೆಯವರೆಗೆ ನಾವೆಲ್ಲರೂ ಕಂಡಿದ್ದೇವೆ. ನಮ್ಮ ವರ್ಕ್‌ಶಾಪುಗಳಲ್ಲಿ ‘ಆರ್ಗಾನ್ ವೆಲ್ಡಿಂಗ್’ ಎಂದೇ ಹೆಸರಾದ ಟಿಗ್ ವೆಲ್ಡಿಂಗನ್ನು, ಅಂದರೆ ಟಂಗ್‌ಸ್ಟನ್ ಕಡ್ಡಿಯ ತುದಿಯ ವಿದ್ಯುತ್ ಜ್ವಾಲೆಯಿಂದ, ಆರ್ಗಾನ್ ಅನಿಲದ ಮರೆಯಲ್ಲಿ ಲೋಹ ಕರಗಿಸಿ ಬೆಸೆಯುವ ವಿಧಾನವನ್ನು, ಹವ್ಯಾಸಕ್ಕಾಗಿ ಕಲಿಯಬಯಸುವವರು ಮೊದಲು ಕೇಳುವುದು ಯಾವ ಯಂತ್ರ ಕೊಳ್ಳಬೇಕು ಎಂದು. ಅದಕ್ಕೆ ಉತ್ತರ ಚಿಕ್ಕದು: ಕಬ್ಬಿಣಕ್ಕೂ ಸ್ಟೇನ್‌ಲೆಸ್ ಸ್ಟೀಲಿಗೂ ಡಿಸಿ (ಏಕಮುಖ ವಿದ್ಯುತ್) ಯಂತ್ರ ಸಾಕು, ಅಲ್ಯೂಮಿನಿಯಂ ಬೆಸೆಯಬೇಕಾದರೆ ಎಸಿ (ಪರ್ಯಾಯ ವಿದ್ಯುತ್) ಸೌಲಭ್ಯವಿರುವ, ಬೆಲೆಯೂ ಹೆಚ್ಚಿರುವ ಯಂತ್ರ ಬೇಕು. ಇಂದು ನಾನು ಹೇಳಬೇಕೆಂದಿರುವುದು ಬೇರೆ. ಕಾದ ಲೋಹದ ಬಳಿ ಗಾಳಿ ಸುಳಿಯದಂತೆ ನೋಡಿಕೊಳ್ಳುವುದೇ ಈ ವಿದ್ಯೆಯ ಮುಕ್ಕಾಲು ಪಾಲು, ಕಡಲ ದಂಡೆಯಲ್ಲಿ ಬದುಕುವ ನಮಗಂತೂ ಅದು ತುಸು ಹೆಚ್ಚೇ ಕಷ್ಟ.

ಈ ವಿಧಾನ ರೂಪುಗೊಂಡದ್ದೂ ಆ ಕಾರಣಕ್ಕೇ. 1940ರ ದಶಕದ ಆರಂಭದಲ್ಲಿ ಅಮೆರಿಕದ ನಾರ್ತ್ರಪ್ ವಿಮಾನ ಕಂಪನಿಯ ರಸೆಲ್ ಮೆರೆಡಿತ್, ಕಾದಾಗ ಗಾಳಿಯಲ್ಲಿ ಸುಲಭವಾಗಿ ಹೊತ್ತಿಕೊಳ್ಳುವ ಮೆಗ್ನೀಸಿಯಂ ಲೋಹವನ್ನು ಬೆಸೆಯಲು ಟಂಗ್‌ಸ್ಟನ್ ಎಲೆಕ್ಟ್ರೋಡಿನ (ವಿದ್ಯುತ್ ಹರಿಯುವ ಕಡ್ಡಿಯ) ಸುತ್ತ ಹೀಲಿಯಂ ಹಾಯಿಸಿದರು. ಇಂದು ಹೀಲಿಯಂ ಜಾಗದಲ್ಲಿ ಹೆಚ್ಚಾಗಿ ಇರುವುದು ಆರ್ಗಾನ್. ಟಂಗ್‌ಸ್ಟನ್ ಕರಗುವುದು ಸುಮಾರು 3420 ಡಿಗ್ರಿ ಸೆಲ್ಸಿಯಸ್‌ನಲ್ಲಿ; ಆದ್ದರಿಂದ ಅದು ತಾನು ಕರಗದೆ ಕೆಳಗಿನ ಲೋಹವನ್ನು ಕರಗಿಸುತ್ತದೆ.

ಆರ್ಗಾನ್ ಗಾಳಿಗಿಂತ ಭಾರ. ಸಾಮಾನ್ಯ ಕೆಲಸಕ್ಕೆ ನಿಮಿಷಕ್ಕೆ 6ರಿಂದ 9 ಲೀಟರ್ ಹರಿದರೆ ಸಾಕು. ಬೆಸುಗೆ ಕಪ್ಪಾದೊಡನೆ ಗ್ಯಾಸ್ ಇನ್ನಷ್ಟು ತಿರುಗಿಸುವ ಅಭ್ಯಾಸ ಹೊಸಬರಲ್ಲಿದೆ. ಆದರೆ ರಭಸ ಮಿತಿಮೀರಿದರೆ ಅನಿಲ ಸುಳಿಸುಳಿಯಾಗಿ ಹೊರಗಿನ ಗಾಳಿಯನ್ನೇ ಒಳಗೆ ಎಳೆದುಕೊಳ್ಳುತ್ತದೆ, ದುಡ್ಡೂ ಹೋಗುತ್ತದೆ. ಮೊದಲು ನೋಡಬೇಕಾದದ್ದು ಫ್ಯಾನ್ ಮತ್ತು ಕಿಟಕಿ. ನಮ್ಮಲ್ಲಿ ಮಧ್ಯಾಹ್ನವಾಗುತ್ತಲೇ ಪಡುವಣ ಗಾಳಿ ಬೀಸತೊಡಗುತ್ತದೆ. ಅಂಗಳದಲ್ಲಿ ಅಭ್ಯಾಸ ಮಾಡುವವರು ಬೆಳಗ್ಗೆಯೇ ಕುಳಿತುಕೊಳ್ಳುವುದು ಒಳ್ಳೆಯದು, ಇಲ್ಲವಾದರೆ ಪಶ್ಚಿಮಕ್ಕೊಂದು ಬೆಂಕಿ ಹಿಡಿಯದ ಮರೆ ಕಟ್ಟಿಕೊಳ್ಳಬೇಕು.

ಮೊದಲ ಕೆಲವು ವಾರ ಫಿಲ್ಲರ್ ರಾಡನ್ನು (ಕರಗಿಸಿ ಹನಿಹನಿಯಾಗಿ ಬೆಸುಗೆಗೆ ತುಂಬುವ ಲೋಹದ ಕಡ್ಡಿಯನ್ನು) ಮುಟ್ಟಲೇಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ. 2 ಮಿಲಿಮೀಟರ್ ದಪ್ಪದ ಕಬ್ಬಿಣದ ತುಂಡೊಂದನ್ನು ತೆಗೆದುಕೊಂಡು, ಅದರ ಮೇಲಿನ ಕಪ್ಪು ಪದರವನ್ನು ಗ್ರೈಂಡರಿನಿಂದ ಹೊಳೆಯುವಂತೆ ಉಜ್ಜಿ, ಅಸಿಟೋನ್ ಬಟ್ಟೆಯಿಂದ ಒರೆಸಿ, ಸುಮಾರು 70 ಆಂಪಿಯರ್‌ನಲ್ಲಿ ಆರ್ಕ್ (ವಿದ್ಯುತ್ ಜ್ವಾಲೆ) ಹೊತ್ತಿಸಿ ಸುಮ್ಮನೆ ನೋಡಿ. ಮೊದಲು ಲೋಹ ಕೆಂಪಗಾಗುತ್ತದೆ. ಬಳಿಕ ಒಮ್ಮೆಲೇ ಒದ್ದೆಯಾದಂತೆ ಮಿಂಚಿ, ದುಂಡಗೆ ಹರಡುತ್ತದೆ. ಆ ಕರಗಿದ ಮಡುವಿನ ಅಂಚು ನಿಚ್ಚಳವಾಗಿದ್ದರೆ ಅನಿಲದ ಹೊದಿಕೆ ಸರಿಯಿದೆ. ಒಳಗೆ ಕುದಿದು ಕಿಡಿ ಹಾರಿ, ತಣಿದ ಮೇಲೆ ಸೂಜಿಮೊನೆಯಂಥ ತೂತುಗಳು ಉಳಿದರೆ ಗಾಳಿಯೋ ಎಣ್ಣೆಯೋ ತುಕ್ಕೋ ಸೇರಿದೆ ಎಂದರ್ಥ. ಮಳೆಗಾಲದಲ್ಲಿ ನಿನ್ನೆ ಉಜ್ಜಿಟ್ಟ ತುಂಡಿಗೆ ಇಂದು ಬೆಳಗಾಗುವಷ್ಟರಲ್ಲಿ ತುಕ್ಕಿನ ಕಂದು ಛಾಯೆ ಬಂದಿರುತ್ತದೆ. ಆದ್ದರಿಂದ ಬೆಸೆಯುವುದಕ್ಕೆ ತುಸು ಮುಂಚೆ ಉಜ್ಜಬೇಕು, ಮುನ್ನಾದಿನವಲ್ಲ.

ಎಲೆಕ್ಟ್ರೋಡಿನ ತುದಿ ಮತ್ತು ಲೋಹದ ನಡುವೆ ಎಲೆಕ್ಟ್ರೋಡಿನ ದಪ್ಪದಷ್ಟೇ ಅಂತರವಿರಬೇಕು. ತುದಿ ಮಡುವಿಗೆ ತಾಗಿತೆಂದರೆ ಕೆಲಸ ನಿಲ್ಲಿಸಿ, ಉದ್ದುದ್ದಕ್ಕೆ ಗೀರು ಬರುವಂತೆ ಮತ್ತೆ ಚೂಪು ಮಾಡಬೇಕಾಗುತ್ತದೆ. ಇದರಲ್ಲಿ ಉದಾಸೀನ ಕೂಡದು. ರಾಡ್ ಹಿಡಿಯುವ ದಿನ ಬಂದಾಗ, ಕಾದ ರಾಡಿನ ತುದಿ ಎರಡು ಹನಿಗಳ ನಡುವೆಯೂ ಆರ್ಗಾನಿನ ಹೊದಿಕೆಯೊಳಗೇ ಇರಬೇಕೆಂಬುದನ್ನು ಮರೆಯಬಾರದು. ಹೊರಗೆ ಎಳೆದರೆ ಅದು ಗಾಳಿಯಲ್ಲಿ ಉರಿದು, ಆ ಕಲ್ಮಶವೇ ಮುಂದಿನ ಹನಿಯಲ್ಲಿ ಒಳಗೆ ಬರುತ್ತದೆ. ಆರ್ಕ್ ಆರಿಸಿದ ಮೇಲೂ ಗ್ಯಾಸ್ ನಿಲ್ಲುವ ತನಕ ಟಾರ್ಚನ್ನು (ಎಲೆಕ್ಟ್ರೋಡನ್ನು ಹಿಡಿದು, ಗ್ಯಾಸ್ ಹೊರಬಿಡುವ ಹಿಡಿಕೆಯನ್ನು) ಅಲ್ಲೇ ಹಿಡಿದಿರಬೇಕು.

ಸ್ಟೇನ್‌ಲೆಸ್ ಸ್ಟೀಲಿನಲ್ಲಿ ನಿಮ್ಮ ಕೆಲಸಕ್ಕೆ ಅಂಕ ಕೊಡುವುದು ಬಣ್ಣ. ತಿಳಿ ಹಳದಿ ಬಂದರೆ ಒಳ್ಳೆಯದು, ನೀಲಿ ಬಂದರೆ ಶಾಖ ಹೆಚ್ಚಾಗಿದೆ, ಬೂದು ಬಂದರೆ ಗಾಳಿ ತಗುಲಿದೆ. ಬಣ್ಣ ಬಂದ ಪದರದ ಅಡಿಯಲ್ಲಿ ಕ್ರೋಮಿಯಂ ಕಡಿಮೆಯಾಗಿರುವುದರಿಂದ, ಉಪ್ಪುಗಾಳಿಯಲ್ಲಿ ತುಕ್ಕು ಮೊದಲು ಹಿಡಿಯುವುದು ಅಲ್ಲಿಯೇ. ಕಡಲ ಬಳಿಯ ಮನೆಗಳ ಸ್ಟೀಲ್ ರೇಲಿಂಗ್‌ಗಳನ್ನು ಹತ್ತಿರದಿಂದ ನೋಡಿ, ಕಂದು ಕಲೆಗಳು ಬೆಸುಗೆಯ ಸುತ್ತಲೇ ಗುಂಪಾಗಿರುತ್ತವೆ. ಪೈಪಿನ ಒಳಮೈಗೂ ಆರ್ಗಾನ್ ತುಂಬಬೇಕು. ಇಲ್ಲದಿದ್ದರೆ ಹೊರಗೆ ಎಷ್ಟೇ ಚೆಂದವಿದ್ದರೂ ಒಳಗೆ ಸುಟ್ಟ ಸಕ್ಕರೆಯಂತೆ ಕಪ್ಪಗೆ ಹರಳುಗಟ್ಟಿರುತ್ತದೆ. ಅಡುಗೆ, ಹಾಲು, ಕುಡಿಯುವ ನೀರಿನ ಪೈಪುಗಳಲ್ಲಿ ಇದನ್ನು ಬಿಡುವಂತಿಲ್ಲ.

ಕಡೆಯದಾಗಿ ಸುರಕ್ಷತೆ. ಹೊಗೆ ಕಡಿಮೆಯೆಂದು ಟಿಗ್ ನಿರುಪದ್ರವಿಯೆಂದು ತಿಳಿಯಬೇಡಿ. ಇದರ ಅತಿನೇರಳೆ ಕಿರಣ ತೀಕ್ಷ್ಣ, ತೋಳಿಲ್ಲದ ಅಂಗಿ ತೊಟ್ಟರೆ ಚರ್ಮ ಸುಡುತ್ತದೆ. ಬ್ರೇಕ್ ಕ್ಲೀನರ್‌ನಲ್ಲಿ ಕ್ಲೋರಿನ್ ಸಂಯುಕ್ತಗಳಿದ್ದರೆ, ಅದರಿಂದ ಒರೆಸಿದ ಲೋಹದ ಮೇಲೆ ಆರ್ಕ್ ಹೊತ್ತಿಸಿದಾಗ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟಬಹುದು. ಅಸಿಟೋನ್ ಬಳಸಿದರೂ ಅದು ಪೂರ್ತಿ ಆರಿ, ಡಬ್ಬಿ ದೂರ ಹೋದ ಮೇಲೆಯೇ ಆರ್ಕ್ ಹೊತ್ತಿಸಬೇಕು. ಇನ್ನು ಜಡಿಮಳೆಯ ದಿನ ಬಾಗಿಲು, ಕಿಟಕಿ ಎಲ್ಲ ಮುಚ್ಚಿ ಕೆಲಸ ಮಾಡುವವರಿಗೊಂದು ಮಾತು: ಲೋಹದ ಬಳಿಯಿಂದ ಗಾಳಿಯನ್ನು ಸರಿಸುವ ಆರ್ಗಾನ್, ಇಕ್ಕಟ್ಟಾದ ಕೋಣೆಯ ನೆಲಮಟ್ಟದಲ್ಲಿ ಸೇರಿ ನಮ್ಮ ಉಸಿರಿನ ಗಾಳಿಯನ್ನೂ ಸರಿಸಬಲ್ಲದು, ಅದಕ್ಕೆ ವಾಸನೆಯೂ ಇಲ್ಲ. ಬೆಸುಗೆಯ ಸುತ್ತ ಮಾತ್ರ ಮರೆ ಕಟ್ಟಿ, ಎದುರುಬದುರು ಕಿಟಕಿಗಳನ್ನು ತೆರೆದಿಡಿ. ಕೆಲಸ ಮುಗಿದೊಡನೆ ಸಿಲಿಂಡರಿನ ವಾಲ್ವನ್ನು ತಪ್ಪದೆ ಮುಚ್ಚಿ.